ಗಡಹಿಂಗ್ಲಜದ ಹಳೇ ಮಾಡೆಲ್

ಇಚಲಕರಂಜಿಯ ಪವರ್‌ಲೂಮ್ ಕಾರಖಾನೆಗಳಲ್ಲಿ ದುಡಿಯುವವರಿಗೆ ಎರಡು ಗುಣಗಳು ತಾವಾಗಿಯೇ ಅಂಟಿಕೊಳ್ಳುತ್ತವೆ. ಒಂದು, ಎದುರಿಗೇ ನಿಂತವರೊಡನೆಯೂ ಕೂಗಿ ಮಾತಾಡುವುದು. ಇನ್ನೊಂದು, ಅವರು ಹೇಳಿದ್ದರಲ್ಲಿ ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ತಾವೇ ತುಂಬಿಕೊಳ್ಳುವುದು. ಬಾಹುಬಲಿ ಮಾಲಕರ ಕಾರಖಾನೆಯಲ್ಲಿ ಕೆಟ್ಟ ಮಗ್ಗಗಳನ್ನು ದುರಸ್ತಿ ಮಾಡುತ್ತಿದ್ದ ಜಾಬರ್ ಹಣಮಂತನಿಗೆ ಇವೆರಡೂ ಇದ್ದವು. ಮೇಲಿಂದ ಇನ್ನೊಂದು ಇತ್ತು: ಯಾವುದನ್ನೂ ನೆಟ್ಟಗೆ ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಜ್ವರ ಬಂದರೆ ‘ಬಾಯ್ಲರ್ ಕಾದೈತಿ’ ಎನ್ನುವನು. ಹೆಂಡತಿ ಸುವರ್ಣಾ ಮುನಿಸಿಕೊಂಡರೆ ‘ನಮ್ಮ ಮನೀ ಫೀಡರ್ ಟ್ರಿಪ್ ಆಗೇತಿ’ ಎನ್ನುವನು. ಕೇಳಿದವರು ನಗುತ್ತಿದ್ದರೋ ಇಲ್ಲವೋ, ಅವನಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆ ಬೇಸಿಗೆಯಲ್ಲಿ ಸುವರ್ಣಾಳ ತಾಯಿ ಹೌಸಾಬಾಯಿ ಗಡಹಿಂಗ್ಲಜದಿಂದ ಬಂದಳು. ಒಬ್ಬಳೇ ಬರಲಿಲ್ಲ, ತನ್ನ ಶಾವಿಗೆ ಮಣೆಯನ್ನೂ ತಂದಳು. ಆಳುದ್ದದ ಸಾಗುವಾನಿ ಹಲಗೆ ಅದು. ಮೂರು ತಲೆಮಾರಿನ ಹೆಂಗಸರ ಅಂಗೈ ಉಜ್ಜಿ ಉಜ್ಜಿ ಕನ್ನಡಿಯಂತಾಗಿತ್ತು. ಮಣೆಯನ್ನು ಬಸ್ಸಿನ ಮೇಲೆ ಹಾಕಿ ಎಂದ ಕಂಡಕ್ಟರಿಗೆ ಅವಳು, “ಅದು ಮ್ಯಾಲ ಹೋದ್ರ ನಾನೂ ಮ್ಯಾಲಽ ಕೂಡ್ತೇನಿ” ಎಂದಳಂತೆ. ಕೊನೆಗೆ ಮಣೆ ಸೀಟುಗಳ ನಡುವೆ ಉದ್ದಕ್ಕೆ ಮಲಗಿ ಬಂತು. ಹತ್ತುವವರು ಇಳಿಯುವವರೆಲ್ಲ ಅದನ್ನು ದಾಟಿ ದಾಟಿ ಓಡಾಡಿದರು. ಯಾರ ಕಾಲಾದರೂ ತಗುಲಿದರೆ ಹೌಸಾಬಾಯಿ ಅವರಿಂದ ಮಣೆಗೆ ನಮಸ್ಕಾರ ಮಾಡಿಸಿದಳು.

ಹೌಸಾಬಾಯಿ ತನ್ನ ಶಾವಿಗೆಯ ವಿಷಯದಲ್ಲಿ ವಿನಯವಂತೆಯಾಗಿರಲಿಲ್ಲ. “ಸುತ್ತ ಹತ್ತ ಹಳ್ಯಾಗ ನನ್ನಂಗ ಎಳೆಯೋರು ಯಾರದಾರ, ತೋರಸ್ರಿ” ಎಂದು ಕೇಳದವರಿಗೂ ಹೇಳುತ್ತಿದ್ದಳು. ಕೊಲ್ಹಾಪುರದಲ್ಲಿರುವ ಮಗ ವಿಜಯ ಒಮ್ಮೆ ಊಟಕ್ಕೆ ಕೂತು ‘ಅಂಗಡೀ ಶಾವಿಗೀನೂ ಚಲೋ ಇರ್ತಾವ ಬಿಡವ್ವಾ’ ಎಂದುಬಿಟ್ಟಿದ್ದ. ಎಲೆಯ ಮುಂದಿನಿಂದ ಎದ್ದು ಹೋದ ಹೌಸಾಬಾಯಿ ಮತ್ತೆ ಅವನ ಮನೆಯ ಹೊಸಿಲು ತುಳಿದಿರಲಿಲ್ಲ.

ಹಣಮಂತನಿಗೆ ಅತ್ತೆಯೆಂದರೆ ಬೆಳಗ್ಗೆ ಕಾಗೆಗಳೊಡನೆ ಜಗಳವಾಡುವ ದೊಡ್ಡ ದನಿ ಮತ್ತು ಗಂಟೆಗೊಮ್ಮೆ ಕುದಿಯುವ ಚಹಾ, ಅಷ್ಟೇ. ಶಾವಿಗೆಯನ್ನು ಅವಳು ಹೇಗೆ ಮಾಡುತ್ತಾಳೆಂದು ಅವನು ನೋಡಿದವನೇ ಅಲ್ಲ. ಅವನು ಪಾಳಿಗೆ ಹೋಗುವಾಗ ಕಣಕ ಇರುತ್ತಿತ್ತು, ಬರುವಾಗ ಮಾಳಿಗೆಯ ಮೇಲೆ ಕೋಲಿನಿಂದ ಕೋಲಿಗೆ ಶಾವಿಗೆ ತೂಗುತ್ತಿತ್ತು. ನಡುವೆ ಏನೋ ಆಗುತ್ತಿರಬೇಕು ಎಂದುಕೊಂಡಿದ್ದ.

ಹೀಗಿರುವಾಗ ಸುವರ್ಣಾ ಒಂದು ಹಿಡಿ ಶಾವಿಗೆಯನ್ನು ಕಾಗದದಲ್ಲಿ ಸುತ್ತಿ, ಮಾಲಕರಿಗೆ ಕೊಡಿರೆಂದು ಗಂಡನ ಕೈಗಿತ್ತಳು.

ಬಾಹುಬಲಿ ಮಾಲಕರು ಪೊಟ್ಟಣವನ್ನು ಮಗ್ಗಗಳ ನಡುವೆಯೇ ಬಿಚ್ಚಿದರು. ಹುಟ್ಟಿದಾಗಿನಿಂದ ನೂಲು ಮುಟ್ಟಿದ ಮನುಷ್ಯ. ಒಂದು ಎಳೆಯನ್ನು ಬೆರಳಲ್ಲಿ ಹೊಸೆದು, ಬೆಳಕಿಗೆ ಹಿಡಿದು, “ಯಾವ ಕೌಂಟಿನ ನೂಲೋ ಇದು?” ಎಂದು ಕೂಗಿದರು. ಅದು ಲಟಕ್ಕೆಂದು ಮುರಿದಾಗ ಬಾಯಿಗೆ ಹಾಕಿ ನೋಡಿದರು.

“ಅರೇ, ಶಾವಿಗಿ! ಯಾವ ಮಷೀನಿಂದು?”

ಹಣಮಂತನ ನಾಲಿಗೆ ತುರಿಸಿತು. “ಗಡಹಿಂಗ್ಲಜದ್ದ್ರಿ ಮಾಲಕ! ಭಾಳ ಹಳೇ ಮಾಡೆಲ್! ನಮ್ಮ ಮಾಳಿಗಿ ಮ್ಯಾಲ ಐತಿ!”

“ಕರೆಂಟ್ ಎಷ್ಟ ತಿಂತೈತಿ?”

“ಕರೆಂಟ್ ಮುಟ್ಟೂದಽ ಇಲ್ಲ! ಬರೇ ಚಹಾ! ತಾಸಿಗೊಮ್ಮೆ ಚಹಾ ಕೊಟ್ರ ಆತು!”

“ಆವಾಜ?”

“ಅದನ್ನ ಕೇಳಬ್ಯಾಡ್ರಿ! ಮುಂಜಾನೆ ಚಾಲೂ ಆತಂದ್ರ ಗಲ್ಲಿ ತುಂಬ!”

ಹೇಳಿ ಹಣಮಂತ ಬಿದ್ದು ಬಿದ್ದು ನಕ್ಕ. ನಗೆ ಮಗ್ಗಗಳ ಸದ್ದಿನಲ್ಲಿ ಕರಗಿಹೋಯಿತು. ಮಾಲಕರ ಕಿವಿಗೆ ತಲುಪಿದ್ದು ಇಷ್ಟು: ಹಳೇ ಮಷೀನು, ಕರೆಂಟ್ ಬೇಡ, ನಡೆಸುವವರಿಗೆ ಚಹಾ ಕೊಟ್ಟರೆ ಸಾಕು. ಕರೆಂಟು ಬಿಲ್ಲಿನ ಮಾತೆತ್ತದೆ ಊಟವನ್ನೂ ಮಾಡದ ಊರದು. ಮಾಲಕರು ಹಣಮಂತನ ರಟ್ಟೆ ಹಿಡಿದು ಆಫೀಸಿನ ಕೋಣೆಗೆ ಎಳೆದುಕೊಂಡು ಹೋದರು.

ಅಲ್ಲಿ ಬೇರೆ ಕಾರಖಾನೆಗಳ ಇಬ್ಬರು ಮಾಲಕರು ಕೂತಿದ್ದರು. ಬಾಹುಬಲಿಯವರು ಶಾವಿಗೆಯನ್ನು ಅವರ ಮುಂದೆ ಹರವಿ, “ನೋಡ್ರಿ, ಈ ನಮ್ಮ ಹಣಮಂತ ಇಷ್ಟ ವರ್ಷ ಸುಮ್ನ ನಟ್ಟು ಬೋಲ್ಟು ತಿರುವಿಕೋತ ಅದಾನ. ಮನ್ಯಾಗ ಎಂಥಾ ಕೈ ಮಷೀನ್ ಇಟ್ಕೊಂಡಾನ ನೋಡ್ರಿ. ಕೂಡು ಹಣಮಂತ, ಕುರ್ಚಿ ಮ್ಯಾಲ ಕೂಡು” ಎಂದರು.

ಆಗ ಹಣಮಂತನಿಗೆ ಆದದ್ದೇನೆಂದು ಹೊಳೆಯಿತು. ‘ಅದು ನಮ್ಮ ಅತ್ತೀರಿ’ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಚಹಾ ಬಂತು. ಜಾಬರುಗಳಿಗೆ ಕೊಡುವ ಗಾಜಿನ ಗ್ಲಾಸಿನಲ್ಲಲ್ಲ, ಕಪ್ಪು-ಬಸಿಯಲ್ಲಿ. ಆ ಕುರ್ಚಿಯಲ್ಲಿ ಅವನು ಹಿಂದೆಂದೂ ಕೂತಿರಲಿಲ್ಲ, ಆ ಬಸಿಯನ್ನು ಹಿಂದೆಂದೂ ಹಿಡಿದಿರಲಿಲ್ಲ. ಬಸಿ ಕೈಯಲ್ಲಿರುವ ಮನುಷ್ಯ ತಟ್ಟನೆ ಸತ್ಯ ಹೇಳುವುದು ಎಷ್ಟು ಕಷ್ಟವೆಂದು ಹಿಡಿದವರಿಗೇ ಗೊತ್ತು.

“ನೀನಽ ಸುಧಾರಿಸಿಯೇನು ಅದನ್ನ?” ಒಬ್ಬರು ಕೇಳಿದರು.

“ಸ್ವಲ್ಪ… ನಾನೂ ಕೈ ಹಚ್ಚೀನ್ರಿ” ಎಂದು ಹಣಮಂತ ಬಸಿಗೆ ಹೇಳಿದ.

“ನನಗ ಕೊಟ್ಟಬಿಡು” ಎಂದರು ಬಾಹುಬಲಿಯವರು.

“ಕೊಡಾಕ ಬರೂದಿಲ್ರಿ ಮಾಲಕ. ಅದು ಸುವರ್ಣಾನ ತವರಮನೀದು.”

“ಹಂಗಾರ ಒಂದ ದಿನಕ್ಕ ತಾ. ನಮ್ಮ ಯಲ್ಲೇಶ ಅದನ್ನ ಪೂರಾ ಬಿಚ್ಚಿ, ಒಳಗ ಏನೇನೈತಿ ನೋಡಿ, ಹೆಂಗಿತ್ತೋ ಹಂಗಽ ಜೋಡಿಸಿ ಕೊಡ್ತಾನ.”

ಹೌಸಾಬಾಯಿಯ ಮುಂದೆ ಯಲ್ಲೇಶ ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತ ಚಿತ್ರ ಕಣ್ಣಿಗೆ ಕಟ್ಟಿ, ಹಣಮಂತನಿಗೆ ಚಹಾ ನೆತ್ತಿಗೇರಿತು.

ಯಲ್ಲೇಶ ಕಾರಖಾನೆಯ ಹಿರಿಯ ಫಿಟ್ಟರು. ನೋಡದೆ ಯಾವುದನ್ನೂ ಒಪ್ಪುವವನಲ್ಲ. ಮರುದಿನ ಮಧ್ಯಾಹ್ನವೇ ಮನೆಯ ಬಾಗಿಲಿಗೆ ಬಂದು ನಿಂತ. “ಮಷೀನ್ ತೋರಸು.”

“ಈಗ ಮಲಗೈತಿ” ಎಂದುಬಿಟ್ಟ ಹಣಮಂತ.

“ಮಷೀನ್ ಮಲಗತೈತೇನು?”

“ಅಂದ್ರ… ತಣ್ಣಗಾಗಾಕ ಬಿಟ್ಟೇವಿ.”

ಮಾಳಿಗೆಯ ನೆರಳಿನಲ್ಲಿ ಹೊರಳಿಕೊಂಡಿದ್ದ ಹೌಸಾಬಾಯಿಯ ಗೊರಕೆ ಮೆಟ್ಟಿಲಿನ ಗುಂಟ ಇಳಿದು ಬರುತ್ತಿತ್ತು. ಯಲ್ಲೇಶ ತಲೆ ಓರೆಮಾಡಿ, ಡಾಕ್ಟರು ಎದೆಗೆ ಕಿವಿಗೊಟ್ಟ ಹಾಗೆ ಆಲಿಸಿದ. “ಬೇರಿಂಗ್ ಸವದಾವು” ಎಂದ. ಇನ್ನೂ ಸ್ವಲ್ಪ ಆಲಿಸಿ, “ಆದ್ರ ಲಯ ಚಲೋ ಹಿಡದೈತಿ” ಎಂದು ತಲೆದೂಗುತ್ತ ಹೋದ.

ಯಲ್ಲೇಶನೇ ಸದ್ದು ಕೇಳಿ ಬಂದನೆಂದ ಮೇಲೆ ಊರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸಂಜೆಗೆ ಹಿಂದಿನ ಗಲ್ಲಿಯ ಕಲ್ಲವ್ವ ರವೆಯ ಡಬ್ಬಿ ಹೊತ್ತುಕೊಂಡು ಬಂದಳು. “ಹಣಮಂತಣ್ಣಾ, ಇಷ್ಟ ನಿನ್ನ ಮಷೀನಿಗೆ ಹಾಕಿಕೊಡಪಾ. ನನ್ನ ಹಿಂದ ಇನ್ನೂ ನಾಕ ಮಂದಿ ಬರಾಕತ್ತಾರ.”

“ಮಷೀನ್ ಸರ್ವಿಸಿಂಗಿಗೆ ಐತೆವ್ವಾ” ಎಂದು ಹಣಮಂತ ಅವಳನ್ನು ಮೆಟ್ಟಿಲಿನಲ್ಲೇ ತಿರುಗಿಸಿ ಕಳಿಸಿದ. ತಿರುಗಿ ನೋಡಿದರೆ ಸುವರ್ಣಾ ನಿಂತಿದ್ದಳು.

“ಯಾವ ಮಷೀನ್ರೀ?”

ಹಣಮಂತ ಹೇಳಿದ. ಜೀವಮಾನದಲ್ಲಿ ಮೊದಲ ಸಲ ಒಂದು ಸಂಗತಿಯನ್ನು ನೆಟ್ಟಗೆ ಹೇಳಿದ. ಸುವರ್ಣಾ ಅಲ್ಲೇ ಇದ್ದ ಹಿಟ್ಟಿನ ಡಬ್ಬಿಯ ಮೇಲೆ ಕುಸಿದು ಕೂತಳು.

“ಅವ್ವನ್ನ ಹಳೇ ಮಷೀನ್ ಅಂದ್ರಿ? ಚಹಾದ ಮ್ಯಾಲ ನಡೀತೈತಿ ಅಂದ್ರಿ? ವಿಜಯ ಬರೇ ಅಂಗಡೀ ಶಾವಿಗಿ ಚಲೋ ಅಂದಿದ್ದ, ಅಷ್ಟಕ್ಕಽ ಅವನ ಮಕ್ಕಳ ಮಾರಿ ಸೈತ ನೋಡವಲ್ಲಳು. ಇದು ಗೊತ್ತಾತಂದ್ರ ಅಕಿ ಮಣಿ ಎತ್ಕೊಂಡ ಮೊದಲ್ನೇ ಬಸ್ಸಿಗೆ ಹೋಗ್ತಾಳ. ಮತ್ತ ಈ ಜನ್ಮದಾಗ ಬರೂದಿಲ್ಲ. ನನಗ ತವರ ಅಂತ ಉಳದಿದ್ದು ಅಕಿ ಒಬ್ಬಾಕೀರಿ.” ಅವಳ ಕಣ್ಣಲ್ಲಿ ನೀರಿತ್ತು. “ನಾಳೆ ಹೋಗಿ ಮಾಲಕರಿಗೆ ಖರೇ ಹೇಳಿ ಬರ್ರಿ.”

ಹಣಮಂತ ಹೋದ. ಕುರ್ಚಿಯಲ್ಲಿ ಕೂರದೆ, ಬಸಿ ಮುಟ್ಟದೆ, ನಿಂತೇ ಹೇಳಿದ: “ಮಾಲಕ, ತಪ್ಪಾತ್ರಿ. ಮಷೀನ್ ಗಿಷೀನ್ ಏನೂ ಇಲ್ಲ. ಅದು ನಮ್ಮ ಅತ್ತಿ ಕೈಲೆ ಮಾಡಿದ್ದು.”

ಬಾಹುಬಲಿಯವರು ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿ ತೆಗೆದು ಶಾವಿಗೆಯ ಮೇಲಿಟ್ಟು ಬಹಳ ಹೊತ್ತು ನೋಡಿದರು. ಮುಖ ಎತ್ತಿದಾಗ ಅಲ್ಲಿ ನೋವಿತ್ತು. “ಕೈಲೆ? ಈ ತುದಿಯಿಂದ ಆ ತುದಿತನಕ ಒಂದಽ ಸಮ ಐತಿ. ನನ್ನ ನೂಲಿನ್ಯಾಗ ಸೈತ ಗಂಟ ಸಿಗತಾವು, ಇದರಾಗ ಒಂದಿಲ್ಲ. ಇದು ಮನಷ್ಯಾರ ಕೈಲೆ ಆಗೂ ಮಾತೇನೋ? ಖರೇ ಹೇಳು ಹಣಮಂತ, ಜಯಸಿಂಗಪುರದವರು ಯಾರರ ಮಷೀನ್ ಕೇಳಾಕ ಬಂದಿದ್ರೇನು? ಅವರಿಗೆ ಕೊಡಾಕ ಮಾತು ಕೊಟ್ಟಿಯೇನು?”

“ಇಲ್ರಿ ಮಾಲಕ, ಆಣಿ ಮಾಡ್ತೇನಿ…”

“ಆಣಿ ಬ್ಯಾಡ. ಕೊಲ್ಹಾಪುರದಾಗ ಕೈ ಉಪಕರಣಕ್ಕ ಬಹುಮಾನ ಕೊಡೋ ಆಫೀಸಿನ ರುತುಜಾ ಮೇಡಂ ಅದಾರ. ಅವರನ್ನ ಐತವಾರ ನಿನ್ನ ಮನೀಗೆ ಕರಕೊಂಡ ಬರ್ತೇನಿ. ಒಮ್ಮೆ ನಿನ್ನ ಹೆಸರಿನ ಮ್ಯಾಲ ಸರಕಾರದಾಗ ದಾಖಲಾತಂದ್ರ ಯಾಂವಾ ಕಸಗೊಳ್ತಾನ ನೋಡೂಣು!”

ಸುಳ್ಳನ್ನು ಇವರಿಗೆ ನಂಬಿಸಲು ಒಂದು ಕ್ಷಣವೂ ಬೇಕಾಗಿರಲಿಲ್ಲ. ಸತ್ಯವನ್ನು ನಂಬಿಸುವ ದಾರಿ ಕಾಣದೆ ಹಣಮಂತ ಮನೆಗೆ ಬಂದ.

ಭಾನುವಾರ ಅತ್ತೆಯನ್ನು ಕುರುಂದವಾಡದ ಹೊಳೆಗೆ ಸ್ನಾನಕ್ಕೆ ಕಳಿಸಿಬಿಡೋಣವೆಂದು ಗಂಡ ಹೆಂಡತಿ ಸೇರಿ ಯೋಚಿಸಿದರು. ಹೌಸಾಬಾಯಿ ಒಪ್ಪಲಿಲ್ಲ. “ಕಣಕ ಕುಟ್ಟಿ ಇಟ್ಟೇನಿ. ಹೊಳಿ ನಾಳೇನೂ ಹರೀತೈತಿ, ಕಣಕ ನಾಳೆತನಕ ಕಾಯೂದಿಲ್ಲ” ಎಂದು ಒದ್ದೆ ಬಟ್ಟೆ ಹೊದಿಸಿದ ಕಣಕದ ಪಕ್ಕದಲ್ಲಿ ಕಾವಲು ಕೂತಳು.

ಅವರು ಬಂದರು. ಮುಂದೆ ಇಸ್ತ್ರಿಯ ಬಿಳಿ ಪ್ಯಾಂಟಿನ ಬಾಹುಬಲಿ ಮಾಲಕರು, ನಡುವೆ ಕ್ಯಾಮೆರಾ ತೂಗುಹಾಕಿಕೊಂಡ ರುತುಜಾ ಮೇಡಂ, ಹಿಂದೆ ಪಾನಾಗಳ ಚೀಲ ಹೊತ್ತ ಯಲ್ಲೇಶ. ಮಾಳಿಗೆ ಹತ್ತಿದ ಮಾಲಕರು ಮೂಲೆಯಲ್ಲಿ ಕೂತ ಮುದುಕಿಯತ್ತ ನೋಡದೆ, ಸುತ್ತ ಮಷೀನು ಹುಡುಕುತ್ತ, ಮೇಡಮ್ಮಿಗೆ ವಿವರಿಸತೊಡಗಿದರು:

“ಗಡಹಿಂಗ್ಲಜದ್ದು ಮೇಡಂ. ಭಾಳ ಹಳೇ ಮಾಡೆಲ್. ಆವಾಜ ಅಂದ್ರ ಗಲ್ಲಿ ತುಂಬ. ಆದ್ರ ಕರೆಂಟ್ ಬ್ಯಾಡ, ತಾಸಿಗೊಮ್ಮೆ ಚಹಾ ಆದ್ರ ಸಾಕಂತ. ಹಣಮಂತನ ಹೆಂಡತಿ ತವರಿಂದ ಬಂದದ್ದು. ಬೇರಿಂಗ್ ಸ್ವಲ್ಪ ಸವದಾವು, ನಮ್ಮ ಯಲ್ಲೇಶ ಸರಿ ಮಾಡ್ತಾನ.”

ಹೌಸಾಬಾಯಿಯ ಮುಖ ಒಂದೊಂದು ಮಾತಿಗೂ ಒಂದೊಂದು ಬಣ್ಣವಾಯಿತು. ‘ಗಡಹಿಂಗ್ಲಜ’ಕ್ಕೆ ಅರಳಿತು, ‘ಹಳೇ ಮಾಡೆಲ್’ಗೆ ನಿಂತಿತು, ‘ಚಹಾ’ಕ್ಕೆ ಬರುವಾಗ ಎಲ್ಲ ತಿಳಿದುಹೋಗಿತ್ತು. ಅವಳು ನಿಧಾನವಾಗಿ ಅಳಿಯನ ಕಡೆ ತಿರುಗಿದಳು. ಹಣಮಂತ ಆಕಾಶ ನೋಡಿದ. ಆಕಾಶದಲ್ಲಿ ನೋಡುವಂಥದ್ದೇನೂ ಇರಲಿಲ್ಲ.

“ಆಜೀ, ಮಷೀನ್ ಕುಠೇ ಆಹೇ?” ಮಷೀನ್ ಎಲ್ಲಿದೆಯೆಂದು ಮೇಡಂ ಮರಾಠಿಯಲ್ಲಿ ಕೇಳಿದರು.

“ಬಸಾ ಬಾಯಿ, ಬಸಾ” ಎಂದು ಹೌಸಾಬಾಯಿ ಅವರಿಗೆ ಚಾಪೆ ತೋರಿಸಿದಳು. ಆಮೇಲೆ ಮಗಳಿಗೆ ಕನ್ನಡದಲ್ಲಿ, ಗಲ್ಲಿಗೆಲ್ಲ ಕೇಳುವಂತೆ ಹೇಳಿದಳು: “ಸುವರ್ಣಾ, ಹಳೇ ಮಾಡೆಲ್ಲಿಗೆ ಚಹಾ ತಾರವಾ.”

ಚಹಾ ಬಂತು. ಎಲ್ಲರೂ ನಿಂತು ನೋಡುತ್ತಿರುವಾಗ ಅವಳೊಬ್ಬಳೇ ಕೂತು, ಬಸಿಗೆ ಸುರುವಿಕೊಂಡು, ಕೊನೆಯ ಗುಟುಕಿನ ತನಕ ಕುಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ತುದಿ ಪೀಪಾಯಿಯ ಮೇಲೇರಿಸಿದ, ಇನ್ನೊಂದು ನೆಲಕ್ಕಿಳಿದ ಮಣೆಯ ಮೇಲೆ ಕುದುರೆ ಹತ್ತಿದವಳಂತೆ ಕೂತಳು. ನಿಂಬೆಹಣ್ಣಿನಷ್ಟು ಕಣಕ ಚಿವುಟಿ ಎಣ್ಣೆ ಸವರಿ ಮಣೆಗಿಟ್ಟಳು. ಅಂಗೈ ಇಳಿಯಿತು. ಮುಂದೆ ಹೋಯಿತು, ಹಿಂದೆ ಬಂತು.

ಅಂಗೈ ಕೆಳಗಿನಿಂದ ಎಳೆಯೊಂದು ಹೊರಬಿತ್ತು.

ಅದು ಹೊರಬಿದ್ದ ಕ್ಷಣವನ್ನು ಯಾರೂ ನೋಡಲಿಲ್ಲ. ಎಲ್ಲರೂ ಕಣ್ಣು ಬಿಟ್ಟುಕೊಂಡೇ ಇದ್ದರು, ಆದರೂ ನೋಡಲಿಲ್ಲ. ಎಳೆ ಮಣೆಯ ಇಳಿಜಾರಿನಲ್ಲಿ ನೀರಿನಂತೆ ಜಾರಿತು. ಕೆಳಗೆ ಕೂತ ಸುವರ್ಣಾ ಅದನ್ನು ಬೆರಳ ತುದಿಯಲ್ಲಿ ಹಿಡಿದು ಕೋಲಿಗೆ ಏರಿಸಿದಳು. ಎಳೆ ಬರುತ್ತಲೇ ಇತ್ತು. ಮೇಲೆ ಬಲಗೈ ಹೊಸೆಯುತ್ತಿತ್ತು, ಎಡಗೈಯ ಎರಡು ಬೆರಳು ಕಣಕ ಉಣಿಸುತ್ತಿದ್ದವು. ಒಂದು ಉಂಡೆ ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ಕೂಡಿಕೊಳ್ಳುತ್ತಿತ್ತು. ಕೂಡಿದ ಜಾಗ ಕಾಣುತ್ತಿರಲಿಲ್ಲ. ಸುತ್ತಲೂ ಇಚಲಕರಂಜಿಯ ಮಗ್ಗಗಳು ಖಟಖಟ ಕುಟ್ಟುತ್ತಿದ್ದವು, ಮಾಳಿಗೆಯ ಮೇಲೆ ಹೌಸಾಬಾಯಿಯ ಹಸಿರು ಬಳೆಗಳದ್ದಷ್ಟೇ ಸದ್ದು.

ಹಣಮಂತ ತನ್ನ ಫಜೀತಿಯನ್ನು ಮರೆತುಬಿಟ್ಟ. ಮಂಡಿಯೂರಿ, ಮೂಗು ಮಣೆಗೆ ತಾಗುವಷ್ಟು ಬಗ್ಗಿದ. ಕಣಕ ಎಲ್ಲಿ ಮುಗಿಯುತ್ತದೆ, ಎಳೆ ಎಲ್ಲಿ ಶುರುವಾಗುತ್ತದೆ, ಅಷ್ಟನ್ನು ಕಂಡುಹಿಡಿಯಬೇಕೆಂದು ಅವನ ಹಟ. ಈಚೆ ಉಂಡೆ, ಆಚೆ ಎಳೆ, ನಡುವೆ ಒಂದು ಮುದಿ ಅಂಗೈ. ಯಾವ ಮಗ್ಗ ಕೆಟ್ಟರೂ ಕೆಟ್ಟ ಜಾಗಕ್ಕೆ ನೇರ ಬೆರಳಿಡುತ್ತಿದ್ದವನಿಗೆ ಆ ಅಂಗೈಯೊಳಗೆ ಹೋಗುವ ದಾರಿಯೇ ತಿಳಿಯಲಿಲ್ಲ. ಹಾಲು ಶಾವಿಗೆ, ಬೆಲ್ಲದ ಶಾವಿಗೆ, ಉಪ್ಪಿಟ್ಟು ಎಂದು ಮದುವೆಯಾದಾಗಿನಿಂದ ತಿಂದಿದ್ದನಲ್ಲ, ಅದೆಲ್ಲ ಈ ಅಂಗೈಯಡಿಯಿಂದ ಹೀಗೆ ಬಂದಿತ್ತೇ?

ಎಳೆ ಕಡಿಯಲಿ, ಕಡಿಯಲಿ ಎಂದು ಬಾಹುಬಲಿಯವರು ಕಾಯುತ್ತಿದ್ದರು. ಎಳೆ ಕಡಿಯುವುದೆಂದರೆ ಅವರಿಗೆ ದಿನದ ಊಟದಷ್ಟು ಖಾತ್ರಿಯ ಸಂಗತಿ. ಇಷ್ಟು ಹೊತ್ತು ಕಡಿಯದಿದ್ದುದನ್ನು ಕಂಡು ಅವರಿಗೆ ಗಾಬರಿಯಾಯಿತು. ಬಿಳಿ ಪ್ಯಾಂಟಿನಲ್ಲಿ ಹಿಟ್ಟು ಚೆಲ್ಲಿದ ನೆಲದ ಮೇಲೆಯೇ ಕೂತುಬಿಟ್ಟರು. ಮೇಡಂ ಕ್ಯಾಮೆರಾ ಕೈಯಲ್ಲಿ ಹಿಡಿದೇ ಇದ್ದರು. ಒಂದು ಫೋಟೋವನ್ನೂ ತೆಗೆದಿಲ್ಲವೆಂಬುದು ಅವರಿಗೆ ನೆನಪಾದದ್ದು ತಿರುಗಿ ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ.

ಯಲ್ಲೇಶ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಮಣೆಯ ಕೆಳಗೆ ತೂರಿ ನೋಡಿದ. ಪೀಪಾಯಿ ಎತ್ತಿ ಅಲ್ಲಾಡಿಸಿದ. ಹೌಸಾಬಾಯಿ ಕೆಲಸ ನಿಲ್ಲಿಸಿ, ಬಳೆಗಳನ್ನು ಮೊಳಕೈಗೇರಿಸಿ, ಎರಡೂ ಅಂಗೈಗಳನ್ನು ಅವನ ಮುಖದ ಮುಂದೆ ಹಿಡಿದಳು. “ನೋಡಪಾ. ಮೋಟಾರ್ ಕಂಡ್ರ ಹೇಳು.”

ಯಲ್ಲೇಶ ಬಹಳ ಹೊತ್ತು ನೋಡಿದ. ಪಾನಾಗಳ ಚೀಲದ ಬಾಯಿ ಕಟ್ಟಿದ. “ಇದನ್ನ ಬಿಚ್ಚಾಕ ಬರೂದಿಲ್ರಿ ಮಾಲಕ” ಎಂದ.

ಬಹುಮಾನವೇನಿದ್ದರೂ ಉಪಕರಣಕ್ಕೆ, ಕೈಗಳಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಮೇಡಂ ಬಹಳ ನೊಂದುಕೊಂಡು ಹೇಳಿದರು. “ಬಹುಮಾನ ತಗೊಂಡ ನಾನೇನ್ ಮಾಡ್ಲಿ? ನನಗ ಅಳಿಯಾರ ಬೇಕಾಗ್ಯಾರ” ಎಂದಳು ಹೌಸಾಬಾಯಿ. ಹಣಮಂತ ಹೋಗಿ ಕಾಲಿಗೆ ಬಿದ್ದ. ಸುವರ್ಣಾ ಮಣೆಯನ್ನೇ ನೋಡುತ್ತಿದ್ದಳು, ಅವ್ವ ಅದನ್ನೀಗ ಎತ್ತಿಕೊಳ್ಳುತ್ತಾಳೋ ಎಂದು.

“ಏಳ್ರಿ ಅಳಿಯಾರ. ಗಲ್ಲಿ ಗಲ್ಲಿಗೆ ಹೋಗ್ರಿ. ಮಷೀನ್ ಇಲ್ಲ, ಅದು ಹೌಸಾಬಾಯಿ ಕೈ ಅಂತ ಮನಿ ಮನಿಗೆ ಹೇಳಿ ಬರ್ರಿ. ಅಲ್ಲೀತನಕ ಈ ಮನ್ಯಾಗ ನನಗ ನೀರೂ ಬ್ಯಾಡ.”

ಹಣಮಂತ ಉರಿಬಿಸಿಲಲ್ಲಿ ಹೊರಟ. ತಿರುಗಿ ಬಂದಾಗ ಅವನ ಮುಖ ಒಣಗಿದ ಹೀರೇಕಾಯಿಯಂತಾಗಿತ್ತು.

“ಅತ್ತಿ, ನನ್ನ ಕೈಲೆ ಆಗಲಿಲ್ರಿ. ಯಾರೂ ನಂಬವಲ್ರು.”

“ಏನಂತಾರ?”

“ಕೈಲೆ ಇಷ್ಟ ಸಣ್ಣ ಬರಾಕ ಸಾಧ್ಯನಽ ಇಲ್ಲಂತಾರ. ಮಷೀನ್ ಮುಚ್ಚಿಟ್ಟೀನಿ ಅಂತ ನನಗಽ ಬೈತಾರ.”

ಹೌಸಾಬಾಯಿಯ ಬಿಗಿದ ತುಟಿ ಒಂದು ಮೂಲೆಯಲ್ಲಿ ಸಡಿಲಾಯಿತು. “ಆ ಕಲ್ಲವ್ವ ಏನಂದ್ಳು?”

“ದೇವ್ರ ಬಂದ ಹೇಳಿದ್ರೂ ನಂಬೂದಿಲ್ಲ ಅಂದ್ಳ್ರಿ.”

“ಹಂಗಂದ್ಳಾ? ಇನ್ನೊಮ್ಮೆ ಹೇಳ್ರಿ.”

ಹಣಮಂತ ಇನ್ನೊಮ್ಮೆ ಹೇಳಿದ. ಹೌಸಾಬಾಯಿ ಪ್ರತಿ ಮನೆಯವರು ಅಂದದ್ದನ್ನೂ ಬಿಡಿಬಿಡಿಯಾಗಿ ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಅವಳ ಮುಖ ಹಬ್ಬದ ಬೆಳಗಿನಂತಾಯಿತು. ಜೀವಮಾನವಿಡೀ ತನ್ನನ್ನು ತಾನೇ ಹೊಗಳಿಕೊಂಡ ಅವಳಿಗೂ ಇಂಥ ಹೊಗಳಿಕೆ ಹೊಳೆದಿರಲಿಲ್ಲ. “ಸುವರ್ಣಾ, ನೀರ ಕೊಡು ಅವರಿಗೆ, ಬಿಸಲಾಗ ಬಂದಾರ” ಎಂದಳು. ಆಮೇಲೆ ಹೇಳಿದಳು: “ನಂಬದವ್ರನ್ನ ಎಲ್ಲಾ ಮ್ಯಾಲ ಕರಕೊಂಡ ಬರ್ರಿ.”

ಆ ಸಂಜೆ ಮಾಳಿಗೆ ಹತ್ತಿದವರನ್ನು ಕಂಡು ಬಾಡಿಗೆ ಮನೆಯ ಮಾಲಕ ಮಾಳಿಗೆ ಕುಸಿದೀತೆಂದು ಕೆಳಗೆ ನಿಂತು ಕೂಗಿಕೊಂಡ; ಆಮೇಲೆ ಅವನೂ ಹತ್ತಿದ. ಕಲ್ಲವ್ವ ರವೆಯ ಡಬ್ಬಿಯನ್ನು ಹೌಸಾಬಾಯಿಯ ಮುಂದಿಟ್ಟು ಕೈಮುಗಿದಳು. ಮನೆಗೆ ಹೋಗಲು ಮನಸ್ಸಾಗದ ಬಾಹುಬಲಿ ಮಾಲಕರು ತಾವೂ ಒಂದು ಕೈ ನೋಡುತ್ತೇನೆಂದು ಮಣೆ ಹತ್ತಿ, ಹಲ್ಲಿಯ ಬಾಲದಂಥದ್ದೊಂದನ್ನು ತಯಾರಿಸಿ, ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡರು.

“ಅಳಿಯಾರ, ಈಗ ನೀವು ಕೂಡ್ರಿ” ಎಂದಳು ಹೌಸಾಬಾಯಿ.

ಹಣಮಂತ ಕೂತ. ಮೊದಲ ಉಂಡೆ ಅಂಗೈಗೆ ಅಂಟಿತು, ಎರಡನೆಯದು ಮಣೆಗೆ ಅಂಟಿತು, ಆಮೇಲಿನವು ಹುಳಗಳಂತೆ ತುಂಡು ತುಂಡಾಗಿ ಉದುರಿದವು. ಅತ್ತೆ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. “ಒತ್ತಬ್ಯಾಡ್ರಿ. ಅದು ತಾನಽ ಹೋಗತೈತಿ, ನೀವು ಬರೇ ಜೋಡಿ ಹೋಗ್ರಿ.” ಆ ಬಿಸಿ, ಗಟ್ಟಿ ಅಂಗೈಯ ಭಾರದಡಿ ಅವನ ಕೈ ಮುಂದೆ ಹೋಯಿತು, ಹಿಂದೆ ಬಂತು. ಅವಳು ಕೈ ತೆಗೆದದ್ದು ಅವನಿಗೆ ತಿಳಿಯಲಿಲ್ಲ. ಕಣ್ಣಿಳಿಸಿ ನೋಡಿದರೆ ಅವನ ಅಂಗೈಯಿಂದ ಮೊಳದುದ್ದದ ಎಳೆಯೊಂದು ಇಳಿದಿತ್ತು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ನಡುವೆ ಒಂದು ಗಂಟು. ಆದರೆ ಕಡಿದಿರಲಿಲ್ಲ.

ಹೌಸಾಬಾಯಿ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದಳು. “ಇದನ್ನ ಕಾಗಿನೂ ತಿನ್ನೂದಿಲ್ಲ” ಎಂದಳು. ಗಂಟಿನ ಮೇಲೆ ಬೆರಳಾಡಿಸಿ, “ಆದ್ರ ಎಳಿ ಐತಿ” ಎಂದು ಅದನ್ನು ತನ್ನ ಎಳೆಗಳ ಸಾಲಿನ ಕೊನೆಗೆ ತೂಗುಹಾಕಿದಳು.

ಮರುದಿನ ಹಣಮಂತ ಪಾಳಿಗೆ ಹೋಗಲಿಲ್ಲ. ಕಾಗೆಯೂ ತಿನ್ನುವುದಿಲ್ಲವೆಂದು ಅತ್ತೆಯೇ ಹೇಳಿದ್ದರೂ, ಎಳೆ ಒಣಗುವ ತನಕ ಕೋಲು ಹಿಡಿದು ಅದರ ಪಕ್ಕದಲ್ಲೇ ಕೂತಿದ್ದ.